ಡೆಸ್ಮಂಡನ ಹೊಸ ಚೈನು

ಪಕ್ಕದ ಮನೆ ಕ್ಲೈವನ ಬಳಿ ಸೈಕಲ್ ಚೈನಿನ ಸವೆತ ಅಳೆಯುವ ಪಟ್ಟಿ ಇಲ್ಲದಿದ್ದರೆ ಡೆಸ್ಮಂಡನ ಕ್ರಿಸ್‌ಮಸ್ ಊಟ ಕೆಡುತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ ಮೂರು ಗಂಟೆಗೆ ಬೆನಲ್ಲಾ ಊರಿನ ಸೈಕಲ್ ಪಂದ್ಯ. ಗೆದ್ದವರಿಗೆ ಎಂಟು ಕಿಲೋ ಹ್ಯಾಮು, ಹಬ್ಬದೂಟದ ಹಂದಿ ತೊಡೆ. ನಿಧಾನದವರನ್ನು ಮೊದಲು, ಚುರುಕಿನವರನ್ನು ಕೊನೆಗೆ ಬಿಡುವುದು ಅಲ್ಲಿಯ ಪದ್ಧತಿ. ಯಾರಿಗೆ ಎಷ್ಟು ನಿಮಿಷ ಮುನ್ನಡೆ ಎಂಬುದನ್ನು ಬೆರಿಲ್ ಎಂಬ ಮುದುಕಿ ಹೊರಡುವ ಗೆರೆಯಲ್ಲೇ ತೀರ್ಮಾನಿಸುತ್ತಿದ್ದಳು. ಹನ್ನೊಂದು ವರ್ಷ ಶ್ರದ್ಧೆಯಿಂದ ಹಿಂದುಳಿದು ಡೆಸ್ಮಂಡ್ ಹದಿನೆಂಟು ನಿಮಿಷ ಸಂಪಾದಿಸಿದ್ದ. ಕ್ಲೈವನಿಗೆ ಆರೇ ನಿಮಿಷ. ಈ ಸಲ ಗೆಲುವು ಖಚಿತವೆಂದು ಡೆಸ್ಮಂಡ್ ಹೆಂಡತಿ ಲೋರ್ನಾಳಿಗೆ ಹ್ಯಾಮು ಕೊಳ್ಳಬೇಡವೆಂದೂ ಹೇಳಿದ್ದ. ಮರುದಿನ ಊಟಕ್ಕೆ ಅವಳ ತವರಿನ ಹದಿನಾಲ್ಕು ಜನ ಬರುವವರಿದ್ದರು.

ಪಂದ್ಯದ ದಿನ ಬೆಳಿಗ್ಗೆ ಕ್ಲೈವ್ ಬೇಲಿ ದಾಟಿ ಬಂದು ಡೆಸ್ಮಂಡನ ಚೈನಿಗೆ ಪಟ್ಟಿ ಇಟ್ಟ.

"ಇದರ ಕತೆ ಮುಗೀತು ಮಾರಾಯ. ಇವತ್ತೇ ಬದಲಾಯಿಸು."

"ಓಡ್ತಾ ಇದೆಯಲ್ಲೋ?"

"ಗುಡ್ಡದ ಮೇಲೆ ತುಂಡಾದ್ರೆ? ಹ್ಯಾಮು ಹೋಯ್ತು."

ಹೊಸ ಚೈನು ಬಂತು. ಡೆಸ್ಮಂಡ್ ಒಮ್ಮೆ ಜೋರಾಗಿ ತುಳಿದ. ಚೈನು ಚಕ್ರದ ಹಲ್ಲುಗಳ ಮೇಲಿಂದ ಕಟಕಟನೆ ಜಾರಿತು, ಅವನ ಗದ್ದ ಹ್ಯಾಂಡಲ್ಲಿಗೆ ಬಡಿಯಿತು.

"ಮೂರು ವರ್ಷದ ಹಿಂದೆ ಬಂದಿದ್ರೆ ಚೈನಲ್ಲೇ ಮುಗೀತಿತ್ತು," ಎಂದ ಸೈಕಲ್ ಅಂಗಡಿಯ ಸ್ಟಾವ್ರೋಸ್, ಹಲ್ಲಿನ ಡಾಕ್ಟರ ಗಾಂಭೀರ್ಯದಲ್ಲಿ. "ಎಲ್ಲಾ ಒಟ್ಟಿಗೇ ಸವೆದಿದೆ. ಹಳೇ ಹಲ್ಲಿಗೆ ಹೊಸ ಚೈನು ಕೂರಲ್ಲ. ಹಿಂದಿನ ಫ್ರೀವೀಲು, ಮುಂದಿನ ಚೈನ್‌ವೀಲು, ಎರಡೂ ಹಾಕ್ಸು."

ಹಾಕಿಸಿದ್ದಾಯಿತು. ಹಳೆಯದನ್ನೆಲ್ಲ ಜೊತೆಗೆ ಬಂದಿದ್ದ ಕ್ಲೈವ್ ಚೀಲಕ್ಕೆ ತುಂಬಿಕೊಂಡ. "ಟೊಮೇಟೊ ಗಿಡ ಎಳೆದು ಕಟ್ಟೋಕಾಗತ್ತೆ," ಎಂದ.

ಅಷ್ಟರಲ್ಲಿ ಲೋರ್ನಾ ಫೋನು. "ಮಾಂಸದಂಗಡಿ ಮುಚ್ತಿದಾರೆ. ಒಂದು ಹ್ಯಾಮು ತಂದಿಡ್ಲಾ?"

"ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ? ಬೇಡ."

ಪಂದ್ಯದ ಗೆರೆಯ ಬಳಿ ಬೆರಿಲ್ ಅವನ ಚೈನಿಗೆ ಬೆರಳು ಸವರಿ ನೋಡಿದಳು. ಬೆರಳಿಗೆ ಒಂದಿಷ್ಟೂ ಕಪ್ಪು ಅಂಟಲಿಲ್ಲ.

"ಹನ್ನೊಂದು ವರ್ಷ ಚೈನಿಗೆ ಒರೆಸೋ ಬಟ್ಟೆ ತಾಗಿಸದವನು ಇವತ್ತು ಎಲ್ಲಾ ಹೊಸದು ಹಾಕಿದೀಯ. ಏನೋ ಭಾರಿ ತಯಾರಿ ನಡೆಸಿದೀಯ ಅಂತಾಯ್ತು."

"ಇಲ್ಲ ಬೆರಿಲ್, ಹಳೇದು ಸವೆದುಹೋಗಿತ್ತು."

"ಕದ್ದುಮುಚ್ಚಿ ಅಷ್ಟು ತುಳಿದಿದೀಯಾ? ನಾಲ್ಕು ನಿಮಿಷ ಸಾಕು ನಿಂಗೆ."

ಆಗ ಕ್ಲೈವ್ ಬಂದ. ಅವನ ಸೈಕಲ್ಲಿನ ಮೇಲೆ ಮಸಿ ಹಿಡಿದ ಚೈನು, ಮೊನಚಾಗಿ ಸವೆದ ಹಲ್ಲುಗಳು. ಡೆಸ್ಮಂಡ್ ಅವನ್ನು ತಕ್ಷಣ ಗುರುತಿಸಿದ. ಬೆರಿಲ್ ಗುರುತಿಸಲಿಲ್ಲ.

"ಅಯ್ಯೋ ಪಾಪ, ಏನಪ್ಪಾ ಈ ಗತಿ ಬಂತು ನಿಂಗೆ? ಹದಿನೆಂಟು ನಿಮಿಷ ತಗೋ."

ಹನ್ನೊಂದು ವರ್ಷ ಜೊತೆಗೇ ಸವೆದ ಆ ಮೂರು ಭಾಗಗಳೂ, ಮುದಿ ದಂಪತಿಗಳ ಹಾಗೆ, ತಗಾದೆಯಿಲ್ಲದೆ ಹೊಂದಿಕೊಂಡು ತಿರುಗಿದವು. ಕ್ಲೈವ್ ಗೆದ್ದ. ಡೆಸ್ಮಂಡ್ ಹೊಸ ಚೈನಿನ ಮೇಲೆ ಸದ್ದಿಲ್ಲದೆ ಕೊನೆಯವನಾಗಿ ಬಂದ.

ಹ್ಯಾಮನ್ನು ಮಗುವಿನಂತೆ ಎತ್ತಿಕೊಂಡು ಕ್ಲೈವ್ ಹತ್ತಿರ ಬಂದ. "ಪರವಾಗಿಲ್ಲ ಮಾರಾಯ ನಿನ್ನ ಚೈನು. ಇನ್ನೂ ಎರಡು ವರ್ಷಕ್ಕೆ ಮೋಸ ಇಲ್ಲ."

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಡೆಸ್ಮಂಡ್ ನಡೆದದ್ದನ್ನೆಲ್ಲ ಹೇಳಿದ.

"ಬೇಗ ಮನೆಗೆ ಬಾ," ಎಂದಳು ಲೋರ್ನಾ. "ಆ ಹೊಸ ಚೈನನ್ನೇ ಸಣ್ಣಗೆ ಹೆಚ್ಚಿ ಹದಿನಾಲ್ಕು ತಟ್ಟೆಗೆ ಬಡಿಸ್ತೀನಿ."