ಕುಲುಕದೆ ತಂದ ತಲೆ

ಕಾಯಿಲೆಗಳಲ್ಲಿ ಮರ್ಯಾದಸ್ಥ ಕಾಯಿಲೆ, ಮರ್ಯಾದೆಯಿಲ್ಲದ ಕಾಯಿಲೆ ಅಂತ ಎರಡು ಬಗೆ ಇವೆ ಎಂಬುದು ನನ್ನ ಬಹುಕಾಲದ ಅನುಭವ. ಜ್ವರ ಬಂದವರ ಹಣೆ ಮುಟ್ಟಿದರೆ ಸುಡುತ್ತದೆ, ಬೇರೆ ಸಾಕ್ಷಿ ಬೇಕಿಲ್ಲ. ಕಾಮಾಲೆಯಾದರೆ ಕಣ್ಣೇ ಹಳದಿಯಾಗಿ ಊರಿಗೆಲ್ಲ ಹೇಳುತ್ತದೆ. ಕಾಲು ಮುರಿದವರ ಭಾಗ್ಯವನ್ನಂತೂ ಕೇಳುವುದೇ ಬೇಡ. ಬಿಳಿ ಪಟ್ಟಿ ಸುತ್ತಿದ ಕಾಲನ್ನು ಮುಂದೆ ಚಾಚಿ ಕೂತರೆ ಸಾಕು, ಬಂದವರೆಲ್ಲ ಮೂಸಂಬಿ ಇಟ್ಟು ಹೋಗುತ್ತಾರೆ. ತಲೆನೋವಿಗೆ ಇದ್ಯಾವುದೂ ಇಲ್ಲ. ಅದು ಒಳಗೇ ಬಂದು ಒಳಗೇ ಹೋಗುವಂಥದು. ನೋಯುತ್ತಿದೆ ಎಂದು ನಾವೇ ಬಾಯಿಬಿಟ್ಟು ಹೇಳಬೇಕು, ಕೇಳಿದವರು ನಂಬಬೇಕು. ಹೇಳುವವಳು ಮನೆಯ ಸೊಸೆಯಾಗಿದ್ದರೆ ನಂಬುವವರು ಎಷ್ಟು ಜನ ಎಂಬುದನ್ನು ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನದು ಅರೆತಲೆನೋವು. ಲಂಗ ಹಾಕುವ ಕಾಲದಿಂದಲೂ ಜೊತೆಗಿದೆ. ಮೊದಲು ಕಣ್ಣಂಚಿನಲ್ಲಿ ಒಂದು ಬೆಳಕಿನ ಗೆರೆ ಅಂಕುಡೊಂಕಾಗಿ ಮಿನುಗುತ್ತದೆ. ಅದು ಹರಡಿಕೊಂಡು ಮರೆಯಾಗುವಷ್ಟರಲ್ಲಿ ತಲೆಯ ಒಂದು ಪಕ್ಕವನ್ನು ಯಾರೋ ಒಳಗಿನಿಂದ ಕುಟ್ಟತೊಡಗುತ್ತಾರೆ. ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆಯಂತೂ ಬೇಡವೇ ಬೇಡ. ತವರಿನಲ್ಲಿ ಅದು ಅಪರೂಪಕ್ಕೆ ಬಂದು ಹೋಗುತ್ತಿತ್ತು. ಕಿಬ್ಬನಹಳ್ಳಿಯ ಹತ್ತಿರದ ಈ ತೆಂಗಿನ ತೋಟದ ಮನೆಗೆ ಮದುವೆಯಾಗಿ ಬಂದ ಮೇಲೆ ಒಂದು ಕೆಟ್ಟ ಚಾಳಿ ಕಲಿಯಿತು. ಅಟ್ಟದಿಂದ ಕಾಯಿ ಇಳಿಸುವ ದಿನವೇ ನೋಡಿಕೊಂಡು ಬರತೊಡಗಿತು.

ನಮ್ಮ ಕಡೆ ಕಾಯಿ ಕಿತ್ತ ಮೇಲೆ ಹೆಚ್ಚು ಕಡಿಮೆ ವರ್ಷವಿಡೀ ಅಟ್ಟದಲ್ಲಿ ಹಾಕಿರುತ್ತೇವೆ. ಒಳಗಿನ ನೀರು ತಾನಾಗಿಯೇ ಬತ್ತಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾದ ಮೇಲೆ ಇಳಿಸಿ ಸುಲಿಸುತ್ತೇವೆ. ಆ ದಿನ ಮನೆ ತುಂಬ ಆಳುಗಳು, ಅಂಗಳದ ತುಂಬ ಸಿಪ್ಪೆ, ಮೂಗಿನ ತುಂಬ ಧೂಳು. ಕಾಫಿ ಕುಡಿಯಲು ಪುರುಸೊತ್ತಿಲ್ಲದೆ, ಹೊಟ್ಟೆಗೂ ಇಲ್ಲದೆ, ಹೊಗೆ ತುಂಬಿದ ಅಡುಗೆಮನೆಯಲ್ಲಿ ಅಷ್ಟೂ ಜನಕ್ಕೆ ಮುದ್ದೆ ತಿರುವಬೇಕು. ಯಾವ ತಲೆ ತಾನೆ ಸುಮ್ಮನಿರುತ್ತದೆ? ಆದರೆ ನೋಡುವವರ ಕಣ್ಣಿಗೆ ಕಾಣುವುದು ಇಷ್ಟೆ: ಕೆಲಸ ಜಾಸ್ತಿಯಿದ್ದ ದಿನ ಇವಳಿಗೆ ತಲೆನೋವು. ನಮ್ಮತ್ತೆ ಬೈಯುತ್ತಿರಲಿಲ್ಲ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವರು ತಲೆ ಎತ್ತದೆಯೇ, "ಮಖ ತೊಳ್ಕೊ, ಹೋಯ್ತದೆ" ಅನ್ನುತ್ತಿದ್ದರು. ನಾನು ಮುಖ ತೊಳೆದು ತೊಳೆದು ಬಣ್ಣ ಬೆಳ್ಳಗಾಗಿರಬಹುದೇ ಹೊರತು ತಲೆನೋವು ಒಂದು ದಿನವೂ ಹೋಗಲಿಲ್ಲ.

ಇನ್ನು ನಮ್ಮ ದೊಡ್ಡ ಮಾವನವರ ವಿಷಯ. ಅವರು ನಮ್ಮ ಮಾವನವರ ಅಣ್ಣ, ಮನೆಯ ಹಿರಿಯರು, ಅಟ್ಟದ ಒಡೆಯರು. ಕಾಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಕುಲುಕಿದರೆ ಸಾಕು, ಇದರಲ್ಲಿ ನೀರಿದೆ, ಇದು ಕೊಬ್ಬರಿಯಾಗಿದೆ, ಇದು ಒಳಗೇ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದರು. ಸುತ್ತಿನವರು ತಮ್ಮ ಅಟ್ಟಕ್ಕೂ ಅವರನ್ನು ಕರೆದೊಯ್ಯುತ್ತಿದ್ದರು. ಆ ಗೌರವ ತಲೆಗೇರಿ, ಜಗತ್ತಿನ ಯಾವ ವಸ್ತುವಿನ ಸ್ಥಿತಿಯನ್ನಾದರೂ ಕುಲುಕಿ ಕೇಳಿದರೆ ತಿಳಿಯುತ್ತದೆ ಎಂದು ಅವರು ನಂಬಿದ್ದರು. ಕೆಟ್ಟ ರೇಡಿಯೋವನ್ನು ಕಿವಿಗೆ ಹಿಡಿದು ಕುಲುಕಿ, "ಒಳಗೆ ಏನೋ ಬುಟ್ಕೊಂಡೈತೆ" ಎಂದು ತೀರ್ಪು ಕೊಟ್ಟಿದ್ದರು. ಅಷ್ಟು ಕುಲುಕಿದ ಮೇಲೆ ನಿಜವಾಗಿಯೂ ಬಿಟ್ಟುಕೊಂಡಿತ್ತು.

ಊರಿಗಿನ್ನೂ ಟಿ.ವಿ. ಬಂದಿರದ ಕಾಲ. ಅಂದೂ ಕಾಯಿ ಇಳಿಸುವ ದಿನವೇ. ಕುದಿಯುವ ಎಸರಿಗೆ ಹಿಟ್ಟು ಹಾಕಿ ಕೋಲು ಹಿಡಿದು ನಿಂತಿದ್ದೆ. ಕಣ್ಣಂಚಿನಲ್ಲಿ ಗೆರೆ ಮಿನುಗಿತು. ಬಂತಲ್ಲ ನೆಂಟ ಅಂದುಕೊಂಡೆ. ಆದರೆ ನೆಂಟ ಈ ಸಲ ಒಬ್ಬನೇ ಬಂದಿರಲಿಲ್ಲ. ಬಲಗೈ ಬೆರಳ ತುದಿಯಲ್ಲಿ ಜೋಮು ಹಿಡಿದ ಹಾಗಾಯಿತು. ಅದು ನಿಧಾನವಾಗಿ ಮೊಣಕೈಗೆ ಏರಿತು, ತುಟಿಯ ಬಲಗಡೆಗೆ ಬಂತು, ನಾಲಿಗೆ ದಪ್ಪಗಾಯಿತು. ನೋಡುತ್ತಿದ್ದಂತೆಯೇ ಮುದ್ದೆಕೋಲು ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳೋಣವೆಂದರೆ ಕೈ ನನ್ನದಲ್ಲ, ಬೇರೆ ಯಾರದೋ ಕೈಯನ್ನು ತಂದು ಭುಜಕ್ಕೆ ತಗುಲಿಹಾಕಿದ ಹಾಗಿದೆ. "ಅತ್ತೆ, ಕೈ ಹೋಯ್ತು" ಎಂದು ಕೂಗಲು ಹೋದೆ. ಬಾಯಿಂದ ಹೊರಟದ್ದು ಮಾತಲ್ಲ, ಬರೀ ಗೊಣಗು. ಅತ್ತೆ ಎಂದಿನಂತೆ ತಲೆ ಎತ್ತದೆ, "ಮಖ ತೊಳ್ಕೊ" ಅಂದರು. ಆಮೇಲೆ ತಲೆ ಎತ್ತಿದರು. ನನ್ನ ಮುಖವನ್ನು ನೋಡಿದವರೇ ಕೈಯಲ್ಲಿದ್ದ ಸಾರಿನ ಸೌಟು ಬಿಟ್ಟು ಓಡಿಬಂದು, ಬೀಳುವ ಮುಂಚೆ ನನ್ನನ್ನು ತಬ್ಬಿ ಹಿಡಿದರು.

ನನಗೆ ಭಯವಾಗಿದ್ದು ಆಗ. ಇಪ್ಪತ್ತೆಂಟೋ ಮೂವತ್ತೋ ವಯಸ್ಸು, ಮಗು ಇನ್ನೂ ಶಾಲೆಗೆ ಸೇರಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸಿದರು. ಯಾರೋ "ಲಕ್ವ ಹೊಡೆದೈತೆ" ಅಂದರು. ಆ ಮಾತು ಹೊಸ್ತಿಲು ದಾಟಿ, ಅಂಗಳ ದಾಟಿ, ಊರ ಬಾವಿಯ ತನಕ ಹೋಗಿ ಜನವನ್ನು ಕರೆದುಕೊಂಡು ವಾಪಸು ಬಂತು. ಮಾತು ಬಾರದವಳಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಜನ ಯಾಕೆ ತಿಳಿಯುತ್ತಾರೋ ನನಗೆ ಗೊತ್ತಿಲ್ಲ. ನನ್ನ ಎದುರಿಗೇ ನನ್ನ ಗುಣಗಾನ ಶುರುವಾಯಿತು. ಸತ್ತವರ ಮನೆಯಲ್ಲಿ ಮಾತ್ರ ಕೇಳಿಬರುವಂಥ ಗುಣಗಾನ. ನಮ್ಮತ್ತೆ ಅಳುತ್ತಾ, ಇವಳ ಕೈಯಡುಗೆಯ ರುಚಿ ಈ ಊರಲ್ಲಿ ಯಾರಿಗೂ ಇಲ್ಲ ಎಂದರು. ಉಪ್ಪು ಹೆಚ್ಚು, ಹುಳಿ ಕಡಿಮೆ ಎಂಬುದರ ಹೊರತು ಬೇರೇನನ್ನೂ ಅವರ ಬಾಯಿಂದ ಕೇಳಿರದ ನಾನು, ಇನ್ನೊಂದು ಸಲ ಹೇಳಿ ಅನ್ನೋಣವೆಂದರೆ ನಾಲಿಗೆಯೇ ಇಲ್ಲ.

ಪಕ್ಕದ ಮನೆಯ ಪುಟ್ಟಮ್ಮ ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚಿದರೆ ಕೈ ಬರುತ್ತದೆ ಎಂದು ಸಲಹೆ ಕೊಟ್ಟಳು. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯ ಹೆಸರೆತ್ತಿದರೆ ನಮ್ಮತ್ತೆ ಬಾಯಿ ಮುಕ್ಕಳಿಸುತ್ತಾರೆ. ಪುಟ್ಟಮ್ಮನಿಗೆ ಇನ್ನೇನು ಪೂಜೆಯಾಗುತ್ತದೆ ಎಂದು ನಾನು ಕಾದೆ. ಅತ್ತೆ ಕಣ್ಣೊರೆಸಿಕೊಂಡು ಪುಟ್ಟಮ್ಮನ ಹತ್ತಿರ ಸರಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಮೇಲೆ ಹಚ್ಚೋದು ತಾನೆ ಪುಟ್ಟಮ್ಮ, ಒಳಗೇನೂ ಹೋಗಾಕಿಲ್ವಲ್ಲ?" ಎಂದು ಕೇಳಿದರು. ಆ ಒಂದು ಮಾತಿಗೆ ನನಗೆ ಅಳು ಬಂತು. ನನ್ನ ಬಲಗೈಗಾಗಿ ನಮ್ಮತ್ತೆ ಹುಟ್ಟಿದಾಗಿನಿಂದ ಕಾಪಾಡಿಕೊಂಡು ಬಂದ ಮಡಿಯನ್ನು ಬಿಡಲು ತಯಾರಾಗಿದ್ದರು. ಪಾರಿವಾಳದ ಪುಣ್ಯ, ಅಷ್ಟರಲ್ಲಿ ಅಟ್ಟದಿಂದ ದೊಡ್ಡ ಮಾವ ಇಳಿದು ಬಂದರು.

ಬಂದವರು ನನ್ನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ತಲೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಡಿದು, ಕಿವಿಯನ್ನು ಹತ್ತಿರ ತಂದು, ಇಷ್ಟೇ ಇಷ್ಟು ಆ ಕಡೆ ಈ ಕಡೆ ಆಡಿಸಿದರು. ನಡುಮನೆಯ ಜನವೆಲ್ಲ ಕತ್ತು ಚಾಚಿ ನೋಡಿತು. ಅದನ್ನು ನೋಡಿ ನಗುವ ಸ್ಥಿತಿಯಲ್ಲಿ ಇದ್ದವಳು ನಾನೊಬ್ಬಳೇ, ನನ್ನ ಬಾಯಿ ಅರ್ಧ ಮಾತ್ರ ನಗುತ್ತಿತ್ತು. ದೊಡ್ಡ ಮಾವ ತೀರ್ಪು ಕೊಟ್ಟರು. "ಒಳಗೆ ಒಂದು ಕಡೆ ಬುಟ್ಕೊಂಡೈತೆ, ಇನ್ನೊಂದು ಕಡೆ ಹಿಡ್ಕೊಂಡೈತೆ. ಈಗ ಕುಲುಕಿದ್ರೆ ಪೂರ್ತಿ ಬುಡ್ತದೆ. ಬಸ್ಸು ಬ್ಯಾಡ, ಗಾಡಿ ಕಟ್ಟಿ."

ನಮ್ಮ ಮನೆಯವರು, ಅಂದರೆ ನನ್ನ ಗಂಡ, ಆಗಲೇ ಬಸ್ಸು ನಿಲ್ಲಿಸಲು ರಸ್ತೆಗೆ ಓಡಿದ್ದರು. ಅವರನ್ನು ವಾಪಸು ಕರೆಸಲಾಯಿತು. ಅವರು ಬೇಡವೆಂದು ವಾದ ಮಾಡಿದರು, ಆದರೆ ದೊಡ್ಡ ಮಾವನ ಕಿವಿಗೆ ಎದುರಾಡಿ ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಗಾಡಿಯಲ್ಲಿ ಮೊಣಕಾಲುದ್ದ ಹುಲ್ಲು ಹಾಸಿ, ನನ್ನ ತಲೆಯ ಎರಡು ಪಕ್ಕಕ್ಕೂ ದಿಂಬಿಟ್ಟು, ಅಲ್ಲಾಡದಂತೆ ಹಳೆ ಸೀರೆಯಲ್ಲಿ ಕಟ್ಟಿದರು. ಅತ್ತೆ ಹಣೆಗೆ ವಿಭೂತಿ ಬಳಿದು ಪಕ್ಕದಲ್ಲಿ ಕೂತರು. ಎತ್ತುಗಳ ಮುಂದೆ ದೊಡ್ಡ ಮಾವ ತಾವೇ ನಡೆದು, ರಸ್ತೆಯ ಒಂದೊಂದು ಹಳ್ಳ ಬಂದಾಗಲೂ ಗಾಡಿ ನಿಲ್ಲಿಸಿ, ಸುತ್ತಿ ಬಳಸಿ ದಾಟಿಸುತ್ತಾ ತಿಪಟೂರಿನ ಕಡೆಗೆ ಹೊರಟರು. ನಮ್ಮನ್ನು ಒಂದು ಬಸ್ಸು ದಾಟಿ ಹೋಯಿತು, ಆಮೇಲೆ ಇನ್ನೊಂದು. ಒಬ್ಬ ಮುದುಕ ಊರುಗೋಲು ಊರಿಕೊಂಡು ದಾಟಿ ಹೋದ. ಗಾಡಿಯ ಹಿಂದೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ನನ್ನ ಗಂಡನ ಮುಖ ಪ್ರತಿ ಬಸ್ಸಿಗೂ ಚಿಕ್ಕದಾಗುತ್ತಿತ್ತು.

ಅರ್ಧ ದಾರಿ ಸಾಗಿದಾಗ ತಲೆಯ ಎಡಪಕ್ಕದಲ್ಲಿ ಕುಟ್ಟುವುದು ಶುರುವಾಯಿತು. ಜೀವಮಾನದಲ್ಲಿ ಮೊದಲ ಸಲ ನನ್ನ ತಲೆನೋವನ್ನು ಕಂಡು ಸಂತೋಷಪಟ್ಟೆ. ಇದು ಗುರುತಿನ ಶತ್ರು. ಇವನು ಬಂದ ಎಂದರೆ ಇದು ಆ ಲಕ್ವ ಅಲ್ಲದೇ ಇರಬಹುದು. ಬೆರಳುಗಳನ್ನು ಮಡಚಲು ನೋಡಿದೆ, ಕಿರುಬೆರಳು ಆಡಿತು. ಆಮೇಲೆ ಪಕ್ಕದ್ದು. ತಿಪಟೂರು ಇನ್ನೇನು ಬಂತು ಅನ್ನುವಾಗ ಪೂರ್ತಿ ಕೈ ಮರಳಿ ನನ್ನದಾಯಿತು. ಬಾಯಿಬಿಟ್ಟು, "ಅತ್ತೆ, ಹುಳಿ ಕಡಿಮೆ ಇರಲ್ವಾ ಹಾಗಾದ್ರೆ ನನ್ನ ಸಾರಲ್ಲಿ?" ಎಂದು ಕೇಳಿದೆ. ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿ, ನಗಬೇಕೋ ಅಳಬೇಕೋ ತಿಳಿಯದೆ, ನನ್ನ ಬಲಗೈಯನ್ನು ಎದೆಗೊತ್ತಿಕೊಂಡರು.

ಡಾಕ್ಟರ ಷಾಪಿನ ಮುಂದೆ ನಾನು ನನ್ನ ಕಾಲ ಮೇಲೆಯೇ ಗಾಡಿ ಇಳಿದೆ. ಡಾಕ್ಟರು ವಯಸ್ಸಾದವರು, ಸಾವಧಾನದವರು. ಎರಡೂ ಕೈ ಎತ್ತಿಸಿದರು, ಬೆರಳು ಹಿಡಿದು ಅದುಮಲು ಹೇಳಿದರು, ನಡೆಸಿದರು, ಹಲ್ಲು ಕಿರಿಸಿದರು. ಮೊದಲಿನಿಂದ ಏನೇನಾಯಿತು, ನಿಮ್ಮ ತಾಯಿಗೆ ತಲೆನೋವಿತ್ತೇ ಎಂದೆಲ್ಲ ಕೇಳಿದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, ಇದು ನಿಜವಾದ ಲಕ್ವವಾಗಿದ್ದರೆ ನೀವು ಎತ್ತಿನ ಗಾಡಿಯಲ್ಲಿ ತಂದದ್ದಕ್ಕೆ ಏನಾಗುತ್ತಿತ್ತು ಗೊತ್ತೇ ಎಂದು ಚೆನ್ನಾಗಿ ಉಗಿದರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಒಮ್ಮೆ ತೋರಿಸಿ ಬನ್ನಿ, ಮತ್ತೆ ಹೀಗಾದರೆ ಹಿಂದೆ ಮುಂದೆ ನೋಡದೆ ಸಿಕ್ಕ ವಾಹನದಲ್ಲಿ ಓಡಿಬನ್ನಿ ಅಂದರು. ಕೊನೆಗೆ ಅತ್ತೆಯ ಕಡೆ ತಿರುಗಿ, ನಾನು ಮದುವೆಯಾದಾಗಿನಿಂದ ಕಾಯುತ್ತಿದ್ದ ಮಾತನ್ನು ಆಡಿದರು. "ಅರೆತಲೆನೋವಲ್ಲೇ ಇದೊಂದು ಬಗೆ ಕಣಮ್ಮ. ಸ್ವಲ್ಪ ಹೊತ್ತು ಅರ್ಧ ಮೈಯ ಶಕ್ತಿಯನ್ನೇ ತೆಗೆದುಬಿಡುತ್ತೆ. ಇದು ನೆಪ ಅಲ್ಲ, ಸೋಮಾರಿತನ ಅಲ್ಲ. ನೋವು ಬಂದಾಗ ಕತ್ತಲೆ ಕೋಣೇಲಿ ಮಲಗಬೇಕು. ಹಸಿವು, ಹೊಗೆ, ಬಿಸಿಲು ಇವಳಿಗೆ ಆಗಲ್ಲ."

ನಾನು ನೆಟ್ಟಗೆ ಕೂತೆ. ಸೆರಗು ಸರಿಮಾಡಿಕೊಂಡು, "ಡಾಕ್ಟ್ರೇ, ನಮ್ಮತ್ತೆಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ" ಅಂದೆ. ನಮ್ಮತ್ತೆಗೆ ಪಕ್ಕದೂರಲ್ಲಿ ಹಾಲು ಉಕ್ಕಿದರೂ ಕೇಳಿಸುತ್ತದೆ. ಡಾಕ್ಟರು ಪಾಪ ಗಟ್ಟಿಯಾಗಿ ಇನ್ನೊಂದು ಸಲ ಹೇಳಿದರು. ಹೊರಗೆ ನಿಂತ ದೊಡ್ಡ ಮಾವನಿಗೂ ಕೇಳಿಸಲಿ ಎಂದು ನಾನೇ ಎದ್ದು ಬಾಗಿಲು ತೆರೆದೆ. ಆ ಬಲಗೈಯಿಂದಲೇ ತೆರೆದೆ. ಅಂಥ ಗೆಲುವು ನನಗೆ ಮದುವೆಯ ದಿನವೂ ಅನಿಸಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟು ನನಗೆ. ಊರಿಗೆ ಬಂದು ಇಳಿದರೆ ಲಕ್ವ ನೋಡಲು ಸೇರಿದ್ದ ಜನಕ್ಕೆ ಸ್ವಲ್ಪ ನಿರಾಸೆಯೇ ಆಯಿತು. ಅದನ್ನು ತುಂಬಿಕೊಟ್ಟವರು ದೊಡ್ಡ ಮಾವ. ಕುಲುಕದೆ ತಂದದ್ದರಿಂದಲೇ ಬಿಟ್ಟುಕೊಂಡದ್ದು ಮತ್ತೆ ಹಿಡಿದುಕೊಂಡಿತು ಎಂದು ಅವರು ಜಗಲಿಯಲ್ಲಿ ಕೂತು ಬಹಳ ದಿನ ಹೇಳಿದರು. ಡಾಕ್ಟರು ಉಗಿದದ್ದು ಮಾತ್ರ ಅವರ ಕಿವಿಗೆ ಬಿದ್ದಿರಲಿಲ್ಲ.

ಬೆಂಗಳೂರಿಗೂ ಹೋಗಿ ಬಂದೆವು, ಅಲ್ಲಿಯೂ ಅದನ್ನೇ ಹೇಳಿದರು. ಹೋಗಿ ಬಂದ ಮೇಲೆ ಒಂದು ದಿನ ಅತ್ತೆ ರಾಗಿ ಕೇರುತ್ತಾ ಕೂತವರು ಮೊರವನ್ನು ಕೆಳಗಿಟ್ಟರು. "ನಿಂಗೆ ಕಾಣ್ತದಲ್ಲ, ಆ ಅಂಕುಡೊಂಕು ಬೆಳಕು, ಅದು ನಂಗೂ ಕಾಣ್ತದೆ ಕಣೆ. ಈ ಮನೆಗೆ ಬಂದಾಗಿಂದ" ಅಂದರು. ನಾನು ಬೆರಗಾಗಿ, ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. "ನಮ್ಮತ್ತೇಗೆ ಹೇಳಿದ್ದೆ. ಮಖ ತೊಳ್ಕೊ ಅಂದ್ರು" ಎಂದು ಮತ್ತೆ ಮೊರ ಎತ್ತಿಕೊಂಡರು. ಅಷ್ಟೂ ವರ್ಷ ನನ್ನ ಪಕ್ಕದಲ್ಲೇ, ಅದೇ ಹೊಗೆಯಲ್ಲಿ, ಅದೇ ನೋವನ್ನು ನುಂಗಿಕೊಂಡು ಈ ಹೆಂಗಸು ಸಾರು ಕುದಿಸುತ್ತಿದ್ದಳಲ್ಲ ಅಂದುಕೊಂಡೆ. ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮುಂದಿನ ಸಲ ಕಾಯಿ ಇಳಿಸುವ ದಿನ ಬಂತು. ಬೆಳಿಗ್ಗೆ ನಾನು ಹಣೆ ಹಿಡಿದುಕೊಂಡೆನೋ ಇಲ್ಲವೋ, ದೊಡ್ಡ ಮಾವ ತಾವೇ ಮೂಲೆಕೋಣೆಯ ಕಿಟಕಿಗೆ ಕಂಬಳಿ ಕಟ್ಟಿಸಿದರು. ಅತ್ತೆಯೂ ಹಣೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಮಲಗಿದರು. ಮುದ್ದೆಕೋಲು ನನ್ನ ಗಂಡನ ಕೈ ಸೇರಿತು. ಆ ದಿನದ ಮುದ್ದೆಯನ್ನು ಉಂಡ ಆಳುಗಳು ಅದರ ವಿಷಯ ಇವತ್ತಿಗೂ ಮಾತಾಡುವುದಿಲ್ಲ. ಹೊರಗೆ ಅಂಗಳದಲ್ಲಿ, ಮೆಲ್ಲಗೆ ಸುಲೀರಿ, ಒಳಗೆ ಹೆಣ್ಮಕ್ಕಳಿಗೆ ತಲೆನೋವು ಎಂದು ದೊಡ್ಡ ಮಾವ ಎಲ್ಲರನ್ನೂ ಗದರುತ್ತಿದ್ದರು. ಕತ್ತಲೆಯಲ್ಲಿ ಅತ್ತೆ ಪಿಸುಮಾತಿನಲ್ಲಿ ಕೇಳಿದರು, "ನಿಜವಾಗ್ಲೂ ನೋಯ್ತೈತೇನೆ?"

"ಇಲ್ಲ ಅತ್ತೆ. ನಿಮಗೆ?"

"ನಂಗೂ ಇಲ್ಲ. ಸುಮ್ನೆ ಮಲೀಕೊ."

ನೋವಿದ್ದೂ ದುಡಿದ ಅಷ್ಟೊಂದು ದಿನಗಳಿಗೆ ನೋವಿಲ್ಲದೆ ಮಲಗಿದ ಒಂದು ದಿನ ಏನೂ ಹೆಚ್ಚಲ್ಲ ಎಂದು ಸಮಾಧಾನ ಹೇಳಿಕೊಂಡು ಹಾಯಾಗಿ ಕಾಲು ಚಾಚಿದೆ. ಊಟದ ಹೊತ್ತಿಗೆ ಒಗ್ಗರಣೆಯ ವಾಸನೆ ಬಂತು. ಕಣ್ಣಂಚಿನಲ್ಲಿ ಬೆಳಕಿನ ಗೆರೆಯೊಂದು ಅಂಕುಡೊಂಕಾಗಿ ಮಿನುಗಿತು. ಅತ್ತೆಯನ್ನು ಮೆಲ್ಲಗೆ ತಟ್ಟಿ, ಈಗ ನಿಜವಾಗಿಯೂ ಬಂತು ಎಂದು ಹೇಳಿದೆ. ಅತ್ತೆ ಹೊದಿಕೆಯೊಳಗೇ ಕುಲುಕುಲು ನಕ್ಕು, "ನನ್ನ ಹತ್ರಾನೂ ಆಟ ಕಟ್ತೀಯಲ್ಲೇ" ಎಂದು ಮಗ್ಗುಲು ಬದಲಿಸಿದರು.