ಷಡ್ಡಕನ ಕಡ್ಡಿಯೂ ನನ್ನ ಡ್ರಮ್ಮೂ

ಹೊಟ್ಟೆಕಿಚ್ಚಿಗೂ ಒಂದು ಅಳತೆ ಇದೆ ಎಂಬುದು ನನ್ನ ಅನುಭವ. ನಮ್ಮೂರಿನ ನಡುಮಧ್ಯೆ ಅಷ್ಟು ದೊಡ್ಡ ಅರಮನೆ ನಿಂತಿದೆಯಲ್ಲ, ಅದನ್ನು ನೋಡಿ ಹೊಟ್ಟೆ ಉರಿದುಕೊಂಡ ಒಬ್ಬನೇ ಒಬ್ಬ ಮೈಸೂರಿನವನನ್ನು ನಾನು ಕಂಡಿಲ್ಲ. ದೀಪ ಹಾಕಿದ ದಿನ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ, ನಮ್ಮದೇ ಮನೆ ಎಂಬಂತೆ ನೋಡಿ, ಚುರುಮುರಿ ತಿಂದು ಸಮಾಧಾನವಾಗಿ ಬರುತ್ತೇವೆ. ಆದರೆ ಷಡ್ಡಕನ ಮನೆಗೆ ಹೊಸದೊಂದು ಬಕೆಟ್ಟು ಬಂದರೂ ಸಾಕು, ಎದೆಯ ಕೆಳಗೆ ಏನೋ ಚುರ್ ಎನ್ನುತ್ತದೆ. ಇದಕ್ಕೆ ಕಾರಣವೂ ಇದೆ. ಷಡ್ಡಕರು ಒಂದೇ ಮಾವನ ಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಉಂಡವರು. ಪಕ್ಕದ ಎಲೆಗೆ ತುಪ್ಪ ಎಷ್ಟು ಬಿತ್ತು ಎಂದು ಓರೆಗಣ್ಣಲ್ಲಿ ನೋಡುವ ಅಭ್ಯಾಸ ಮದುವೆಯಾದ ವರ್ಷದಿಂದಲೇ ಶುರುವಾಗಿರುತ್ತದೆ. ಆಮೇಲೆ ಕಣ್ಣು ನೆಟ್ಟಗಾಗುವುದೇ ಇಲ್ಲ.

ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕ ಕಮಲಕ್ಕನ ಗಂಡ, ಶ್ರೀಕಂಠಣ್ಣ ಕುವೆಂಪುನಗರದಲ್ಲಿದ್ದಾರೆ. ಬಿ.ಕಾಂ. ಓದಿದವರು, ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವರು. ನಾನು ಇಲವಾಲದ ಕಡೆಯವನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶಾಲೆಯೇ ನನ್ನನ್ನು ಬಿಟ್ಟಿತು ಎನ್ನುವವರೂ ಇದ್ದಾರೆ, ಅವರೆಲ್ಲ ನಮ್ಮ ಮೇಷ್ಟ್ರ ಕಡೆಯವರು. ಇರಲಿ. ಟೈಲ್ಸ್ ಹಾಕುವ ಕೆಲಸದಲ್ಲಿ ನನ್ನ ಮೊಣಕಾಲು ಸವೆದಿದೆಯೇ ಹೊರತು ಹೆಸರು ಸವೆದಿಲ್ಲ. ವಿಜಯನಗರದಲ್ಲಿ ನಾನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಇರುತ್ತದೆ. ನಂಬದವರು ರಸಮಟ್ಟ ಇಟ್ಟು ನೋಡಲಿ, ಅದರ ಗಾಜಿನೊಳಗಿನ ಗುಳ್ಳೆ ನಡುವಿನಿಂದ ಅಲ್ಲಾಡಿದರೆ ನಾನು ಕರಣೆ ಕೆಳಗಿಡುತ್ತೇನೆ.

ಈ ಕೆಲಸದ ಒಂದೇ ತೊಂದರೆ ಎಂದರೆ ಧೂಳು. ಗ್ರಾನೈಟ್ ಕುಯ್ದಾಗ ಏಳುವ ಧೂಳು ಮೈದಾ ಹಿಟ್ಟಿಗಿಂತ ನುಣುಪು; ಕಿವಿ, ಹುಬ್ಬು, ಅಂಗಿಯ ಹೊಲಿಗೆ, ಎಲ್ಲೆಂದರಲ್ಲಿ ಮನೆ ಮಾಡಿಕೊಳ್ಳುತ್ತದೆ. ಹಾಗಾಗಿ ಸಂಜೆ ನಾನು ಮನೆಗೆ ಬಂದರೆ ನೇರ ಒಳಗೆ ಹೋಗುವಂತಿಲ್ಲ. ಹೊಸಿಲಿನ ಹೊರಗೆ ನಿಲ್ಲಬೇಕು. ನನ್ನ ಹೆಂಡತಿ ರತ್ನ ಹಳೆಯ ಟವೆಲ್ಲೊಂದನ್ನು ತಂದು ತಲೆ, ಭುಜ, ಬೆನ್ನು ಎಲ್ಲವನ್ನೂ ಪಟಪಟನೆ ಒದರುತ್ತಾಳೆ. ಹತ್ತೊಂಬತ್ತು ವರ್ಷದಿಂದ ನಡೆದು ಬಂದ ಕ್ರಮ ಇದು. ಒದರುತ್ತಲೇ ದಿನದ ವರದಿಯೂ ಆಗುತ್ತದೆ. "ಗ್ಯಾಸ್ ಬರ್ಲಿಲ್ಲ ಕಣ್ರೀ, ನಿಮ್ಮವ್ವ ಮಾತ್ರೆ ನುಂಗ್ಲಿಲ್ಲ, ಮೂಲೆಮನೆಯೋರು ಬಾಡಿಗೆಗೆ ಕೊಡ್ತಾರಂತೆ, ತಿರುಗಿ." ತಿರುಗುತ್ತೇನೆ. ಬೆನ್ನಿನ ಮೇಲೆ ಮಿಕ್ಕ ಸುದ್ದಿ.

ಅಂಥದೇ ಒಂದು ಸಂಜೆ, ಎಡಭುಜದ ಮೇಲೆ ಟವೆಲ್ ಬಿದ್ದ ಹೊತ್ತಿಗೆ ಸುದ್ದಿ ಬಂತು. "ಅಕ್ಕನ ಮನೇಗೆ ವ್ಯಾಕ್ಯೂಮ್ ಕ್ಲೀನರ್ ತಂದವ್ರೆ. ಒಳ್ಳೆ ಊರ್ಗೋಲಿದ್ದಂಗದೆ, ವೈರೂ ಇಲ್ಲ. ಅಕ್ಕ ಒಂದು ಕೈಲಿ ಫೋನು ಹಿಡ್ಕೊಂಡು ಇನ್ನೊಂದು ಕೈಲಿ ಮನೆಯೆಲ್ಲಾ ಗುಡಿಸ್ಬುಟ್ಲು!"

"ಪೊರಕೆ ಸವೆದೋಗಿತ್ತೇನೋ" ಎಂದೆ.

"ಅಂಗನ್ಬೇಡಿ. ಅಕ್ಕನ ಸೊಂಟನೋವು ನೋಡಕ್ಕಾಗ್ದೆ ಭಾವನೇ ಹೋಗಿ ಆರಿಸ್ಕೊಂಡು ಬಂದ್ರಂತೆ" ಎಂದಳು ರತ್ನ. ಆಮೇಲೆ ಟವೆಲ್ಲು ಎರಡು ಕ್ಷಣ ಗಾಳಿಯಲ್ಲೇ ನಿಂತಿತು.  ಬಾಯಿಬಿಟ್ಟು ಬೈದಿದ್ದರೆ ಜಗಳವಾಡಬಹುದಿತ್ತು. ಊಟ ಸೇರಲಿಲ್ಲ. ಊರಿನ ನೆಲವನ್ನೆಲ್ಲ ಫಳಫಳ ಮಾಡುವವನು ನಾನು. ನೆಲದ ವಿಷಯದಲ್ಲಿ ನನ್ನ ಹೆಂಡತಿಯ ಬಾಯಲ್ಲಿ ಆ ಮನುಷ್ಯನ ಹೊಗಳಿಕೆಯೇ?

ಮರುದಿನವೇ ಅಂಗಡಿಗೆ ಹೊರಟೆ. ಬರಿಗೈಯಲ್ಲಿ ಹೋಗಲಿಲ್ಲ. ಕೆಲಸದ ಜಾಗದಲ್ಲಿ ಬಿದ್ದಿದ್ದ ಗ್ರಾನೈಟ್ ಧೂಳನ್ನು ಎರಡು ಹಿಡಿ ಪೇಪರಿನಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡೆ. ಚಿನ್ನ ಕೊಳ್ಳುವವನು ಒರೆಗೆ ಹಚ್ಚದೆ ಕೊಳ್ಳುತ್ತಾನೆಯೇ? ಅಂಗಡಿಯಲ್ಲಿ ಟೈ ಕಟ್ಟಿದ ಒಬ್ಬರು ನನ್ನನ್ನು ಹಿಡಿದುಕೊಂಡರು. ವ್ಯಾಟ್ ಎಂದರು, ಪ್ಯಾಸ್ಕಲ್ ಎಂದರು, ಫಿಲ್ಟರಿಗೆ ಏನೋ ಮೂರಕ್ಷರ ಹೇಳಿದರು. ನಾನು ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸಿದೆ. ಗೊತ್ತಿಲ್ಲದ್ದಕ್ಕೆ ತಲೆಯಾಡಿಸುವುದನ್ನು ನಾನು ನನ್ನ ಓದಿದ ಗಿರಾಕಿಗಳಿಂದಲೇ ಕಲಿತದ್ದು. ಕೊನೆಗೆ ಅವರು ಕಾಗದದ ಚೂರುಗಳನ್ನು ನೆಲಕ್ಕೆ ಹಾಕಿ, ಊರುಗೋಲಿನಂಥ ಒಂದರಿಂದ ಎಳೆಸಿ, "ನೋಡಿ ಸಾರ್, ಹೇಗೆ?" ಎಂದರು.

"ಕಾಗದ ನಮ್ಮವ್ವ ಬಗ್ಗಿ ಎತ್ತಾಕ್ತಾಳೆ. ಇದನ್ನ ಎಳೀಲಿ ನೋಡಣ" ಎಂದು ಪೊಟ್ಟಣ ಬಿಚ್ಚಿ ಸುರಿದೆ.

"ಸಾರ್! ಸಾರ್! ಸಾರ್!" ಎಂದರು ಅವರು. ಆದರೆ ಕೈಯಲ್ಲಿದ್ದ ಯಂತ್ರ ಇನ್ನೂ ಚಾಲೂ ಇತ್ತು. ಅದು ಮೂತಿಯಿಂದ ಎಳೆದದ್ದನ್ನು ಬೆನ್ನಿಂದ ಬೀಡಿ ಹೊಗೆಯಂತೆ ಬಿಟ್ಟಿತು. ಸಾಲಾಗಿ ನಿಂತಿದ್ದ ಟೀವಿಗಳ ಮುಖಕ್ಕೆಲ್ಲ ಪೌಡರ್ ಹಚ್ಚಿದಂತಾಯಿತು. ಫೋನಿನಲ್ಲಿ ರತ್ನ ಕಳಿಸಿದ್ದ, ಅಕ್ಕನ ಮನೆಯ ಯಂತ್ರದ ಫೋಟೋ ತೆಗೆದು ನೋಡಿದೆ. ಅದೇ ಬಣ್ಣ, ಅದೇ ಮೂತಿ. ಶ್ರೀಕಂಠಣ್ಣನ ಮನೆಯದೂ ಇದೇ! ಆ ಧೂಳಿನ ನಡುವೆ ನಿಂತು ನನಗೆ ಎಷ್ಟು ಸಂತೋಷವಾಯಿತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಮೂಲೆಯಲ್ಲಿ ಸ್ಟೀಲಿನ ಡ್ರಮ್ಮಿನಂಥದೊಂದು ಇತ್ತು. ಕೆಳಗೆ ನಾಲ್ಕು ಚಕ್ರ, ಆನೆಯ ಸೊಂಡಿಲಿನಷ್ಟು ದಪ್ಪ ಪೈಪು. "ಅದು ಮನೆಗಲ್ಲ ಸಾರ್, ಗ್ಯಾರೇಜಿನೋರು ತಗೊಳ್ಳೋದು. ನೀರು, ಸಿಮೆಂಟು, ಮೊಳೆ ಎಲ್ಲಾ ಎಳ್ಕೊಳುತ್ತೆ" ಎಂದರು, ನನ್ನನ್ನು ಬೇಗ ಸಾಗಹಾಕುವ ಆಸೆಯಲ್ಲಿ. ಉಳಿದಿದ್ದ ಧೂಳನ್ನು ಅದು ಒಂದೇ ಉಸಿರಿಗೆ ಕುಡಿಯಿತು. ಒಂದು ಕಣವೂ ಹಿಂದೆ ಬರಲಿಲ್ಲ. "ಹಾಗಾದ್ರೆ ನಮ್ಮನೆಗೇ ಅದು" ಎಂದೆ.

ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇಟ್ಟುಕೊಂಡು ತಂದಿಳಿಸಿದಾಗ ಅವ್ವ ಜಗುಲಿಯಿಂದಲೇ ಕೂಗಿದಳು, "ನೀರ್ ಕಾಯಿಸೋ ಅಂಡೆ ತಂದಾ ಮಗ?" ಸ್ವಿಚ್ ಹಾಕಿದಾಗ ಪಕ್ಕದ ಮನೆಯವರು ಓಡಿಬಂದು, "ಮೇಸ್ತ್ರಿ, ಮನೇಲೇ ಕಲ್ಲು ಕುಯ್ಯಕ್ ಶುರು ಮಾಡ್ಬುಟ್ರಾ?" ಎಂದರು. ರತ್ನ ಮಾತ್ರ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅವಳ ಕಣ್ಣಿನಲ್ಲಿದ್ದದ್ದು ಮೆಚ್ಚುಗೆಯೋ ಭಯವೋ ತಿಳಿಯಲಿಲ್ಲ. ಮೆಚ್ಚುಗೆ ಎಂದೇ ಇಟ್ಟುಕೊಂಡೆ.

ಮನೆಗೆ ಬಂದ ಯಂತ್ರ ಮನೆಯ ಪದ್ಧತಿಗೆ ಹೊಂದಿಕೊಳ್ಳಬೇಕಲ್ಲ. ರತ್ನ ಮೊದಲು ಪೊರಕೆಯಲ್ಲಿ ಮನೆಯೆಲ್ಲ ಗುಡಿಸಿ, ಆಮೇಲೆ ಡ್ರಮ್ಮು ಎಳೆಯತೊಡಗಿದಳು. ಹೊಸದು ಗಲೀಜಾಗಬಾರದಂತೆ! ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದೆಂಬ ನಿಯಮ ನಮ್ಮ ಮನೆಯಲ್ಲಿ ಬಲು ಬಿಗಿ, ಲಕ್ಷ್ಮಿ ಹೊರಟುಹೋಗುತ್ತಾಳೆ. ಇದಕ್ಕೆ ಅದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಅವ್ವನ ಮುಂದೆ ಹೋಯಿತು. ಅವಳು ಡ್ರಮ್ಮಿನ ಮುಚ್ಚಳ ತೆಗೆಸಿ, ಒಳಗೆ ಬಗ್ಗಿ ನೋಡಿ, ತೀರ್ಪು ಕೊಟ್ಟಳು: "ಆಚೆಗೆ ಹೋಗಲ್ವಲ್ಲ, ಹೊಟ್ಟೇಲೇ ಮಡೀಕತ್ತದೆ. ಎಳೀರಿ. ಮುಚ್ಚಳ ಮಾತ್ರ ಬೆಳಗ್ಗೆ ತೆಗೀರಿ." ಹೀಗೆ ನಮ್ಮ ಮನೆಯ ಲಕ್ಷ್ಮಿ ರಾತ್ರಿಯೆಲ್ಲ ಡ್ರಮ್ಮಿನೊಳಗೆ ಕಸದ ಜೊತೆ ಇರತೊಡಗಿದಳು.

ಭಾನುವಾರ ಶ್ರೀಕಂಠಣ್ಣ, ಕಮಲಕ್ಕ ಊಟಕ್ಕೆ ಬಂದರು. ಬಂದರು ಎಂದರೆ, ನಾನು ನಾಲ್ಕು ಸಲ ಫೋನು ಮಾಡಿ ಕರೆಸಿದೆ. ಡ್ರಮ್ಮನ್ನು ಎಡವಿ ಬೀಳುವಷ್ಟು ಬಾಗಿಲಿಗೆ ಹತ್ತಿರವಾಗಿ ನಿಲ್ಲಿಸಿದ್ದೆ. "ಇದೇನ್ ಮಾದೇಶ, ಫ್ಯಾಕ್ಟರಿಯಿಂದ ತಂದ್ಯಾ?" ಎಂದು ಅವರು ನಕ್ಕರು.  ಅವರ ಕಾರಿನ ಬಾಗಿಲು ತೆಗೆಸಿ, ಸೀಟಿನ ಕೆಳಗೆ ಪೈಪು ಬಿಟ್ಟೆ. ಕಡಲೆಕಾಯಿ ಸಿಪ್ಪೆ, ಮರಳು, ಯಾವಾಗಲೋ ಕಳೆದಿದ್ದ ಕಮಲಕ್ಕನ ಹೇರ್‌ಪಿನ್ನು, ಎಲ್ಲ ಗರಗರನೆ ಒಳಗೆ ಹೋದವು. ಅವರ ನಗು ನಿಂತಿತು. "ನಮ್ಮದು ಹಾಲ್ ಮುಗಿಯೋಷ್ಟರಲ್ಲಿ ಚಾರ್ಜ್ ಹೋಗ್ಬುಡುತ್ತೆ ಕಣಯ್ಯ. ಒಂದಿನ ಕೊಡು, ಕಾರು ಕ್ಲೀನ್ ಮಾಡ್ಕೊಂಡು ಕೊಡ್ತೀನಿ" ಎಂದರು. "ನೋಡಣ ಅಣ್ಣ, ಮನೇಲಿ ಬಿಡುವಿರಲ್ಲ ಅದಕ್ಕೆ" ಎಂದೆ. ಅವತ್ತು ಎರಡು ಊಟ ಸೇರಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈಗಲೂ ಸುಖವಾಗಿರುತ್ತಿದ್ದೆ. ಸೋಮವಾರ ಸಂಜೆ ಎಂದಿನಂತೆ ಹೊಸಿಲ ಹೊರಗೆ ನಿಂತೆ. ರತ್ನ ಬಂದಳು. ಕೈಯಲ್ಲಿ ಟವೆಲ್ ಇರಲಿಲ್ಲ, ಸೊಂಡಿಲಿತ್ತು. "ನೆಟ್ಟಗೆ ನಿಂತ್ಕೊಳಿ" ಎಂದು ಸ್ವಿಚ್ ಒತ್ತಿದಳು. ಭುಜ ಎಳೆಯಿತು, ಬೆನ್ನು ಎಳೆಯಿತು, ಅಂಗಿಯನ್ನು ಮೈಯಿಂದ ಕಿತ್ತುಕೊಳ್ಳುವಂತೆ ಎಳೆಯಿತು. ಜೇಬಿನಲ್ಲಿದ್ದ ಅಳತೆ ಚೀಟಿ, ಕಿವಿಯ ಮೇಲಿದ್ದ ಪೆನ್ಸಿಲು, ಎರಡೂ ಹೊಟ್ಟೆಗೆ ಹೋದವು. ಅರ್ಧ ನಿಮಿಷದಲ್ಲಿ ನಾನು ಶುದ್ಧ. ಅವಳ ತುಟಿ ಅಲ್ಲಾಡುತ್ತಿತ್ತು, ಆದರೆ ಆ ಸದ್ದಿನಲ್ಲಿ ಒಂದು ಮಾತೂ ಕೇಳಲಿಲ್ಲ. "ಏನಂದೆ?" ಎಂದು ಆಮೇಲೆ ಕೇಳಿದರೆ, "ಏನಿಲ್ಲ ಬುಡಿ, ಹೇಳಾಯ್ತಲ್ಲ" ಎಂದು ಒಳಗೆ ಹೋದಳು.

ಹೀಗೆ ಎರಡು ವಾರ. ಗ್ಯಾಸ್ ಬಂತೋ ಇಲ್ಲವೋ, ಮೂಲೆಮನೆಗೆ ಯಾರು ಬಂದರೋ, ನನಗೊಂದೂ ತಿಳಿಯದು. ದಿನವಿಡೀ ಬೇರೆಯವರ ಮನೆಯಲ್ಲಿ ಮಂಡಿಯೂರಿ ಕೂತವನಿಗೆ ಆ ನಾಲ್ಕು ಏಟು, ನಾಲ್ಕು ಮಾತು ಎಷ್ಟು ಬೇಕಾಗಿತ್ತೆಂದು ಅವು ನಿಂತ ಮೇಲೆಯೇ ಗೊತ್ತಾದದ್ದು. ಅದರ ಮೇಲೆ ಇನ್ನೊಂದು. ನನ್ನನ್ನು ಎಳೆದು ಮುಗಿಸಿದ ಮೇಲೆ ರತ್ನ ಅದೇ ಟವೆಲ್ಲನ್ನು ಒದ್ದೆ ಮಾಡಿಕೊಂಡು ಡ್ರಮ್ಮಿನ ಮೈ ಒರೆಸುತ್ತಿದ್ದಳು, ನನ್ನ ಟವೆಲ್ಲು! ಒಂದು ದಿನ ಒರೆಸುತ್ತಾ, "ಪಾಪ, ಎಷ್ಟು ಧೂಳು ಕುಡೀತದೆ" ಎಂದಳು. ಹದಿಮೂರನೇ ವಯಸ್ಸಿನಿಂದ ಧೂಳು ಕುಡಿಯುತ್ತಿರುವವನು ಅಲ್ಲೇ ಎರಡಡಿ ದೂರದಲ್ಲಿ ನಿಂತಿದ್ದೆ. ನನಗೆ ಯಾರೂ ಪಾಪ ಎಂದಿರಲಿಲ್ಲ. ಷಡ್ಡಕನ ಮೇಲೆ ಬಂದ ಹೊಟ್ಟೆಕಿಚ್ಚಿಗಾದರೂ ಮರ್ಯಾದೆ ಇತ್ತು, ಅವರು ಮನುಷ್ಯರು. ನಾಲ್ಕು ಚಕ್ರದ ಡಬ್ಬದ ಮೇಲೆ ಕರುಬುವ ಗಂಡಸಿನ ಅವಸ್ಥೆಯನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಕೊನೆಗೆ ಮಾನ ಬಿಟ್ಟು ಶ್ರೀಕಂಠಣ್ಣನಿಗೇ ಫೋನು ಮಾಡಿದೆ. "ಅಣ್ಣ, ಕಾರಿಗೆ ಬೇಕು ಅಂದಿದ್ರಲ್ಲ, ತಗೊಂಡೋಗಿ. ಒಂದಿನ ಯಾಕೆ, ಇರ್ಲಿ ನಿಮ್ಮನೇಲೇ." ಅವರು ಅರ್ಧ ಗಂಟೆಯೊಳಗೆ ಬಂದು ಹೊತ್ತುಕೊಂಡು ಹೋದರು. "ಅಲ್ಲ ಕಣ್ರೀ, ಅಷ್ಟು ಆಸೆಪಟ್ಟು ತಂದು ಕೊಟ್ಬುಟ್ರಲ್ಲ?" ಎಂದಳು ರತ್ನ. "ಕಮಲಕ್ಕನಿಗೆ ಸೊಂಟನೋವಲ್ವಾ, ಪಾಪ" ಎಂದೆ. ಅವಳು ಒದ್ದೆ ಟವೆಲ್ಲನ್ನು ಹಿಂಡಿ ಹಗ್ಗದ ಮೇಲೆ ಒಣಹಾಕಿದಳು.

ಮರುದಿನ ಬೆಳಿಗ್ಗೆ ರತ್ನ ಅಕ್ಕನ ಮನೆಗೆ ಹೊರಟಳು. ನಾನು ಕೆಲಸಕ್ಕೆ ಹೊರಟೆ. ಸಂಜೆ ಬಂದು ಹೊಸಿಲ ಹೊರಗೆ ನಿಂತೆ. ಟವೆಲ್ ಬಂತು. ಬಲಭುಜದ ಮೇಲೆ ಮೊದಲ ಏಟು ಬಿತ್ತು. ಆಹಾ!

"ಅಕ್ಕನ ಮನೇಲಿ ಈಗ ಎರಡಾಯ್ತು ಕಣ್ರೀ. ನಮ್ಮದನ್ನ ಅಕ್ಕನ ಕೈಲಿ ಮುಟ್ಟಿಸಲ್ವಂತೆ ಭಾವ, ಭಾರ ಅಂತ. ಇವತ್ತು ಬೆಳಗ್ಗೆ ಅವರೇ ಮನೆಯೆಲ್ಲಾ ಎಳೀತಿದ್ರು. ನಾನೇ ನೋಡ್ದೆ!" ಎಂದಳು. ನನ್ನ ಡ್ರಮ್ಮು, ಅವರ ಹೆಸರು! ಎದೆಯ ಕೆಳಗೆ ಮತ್ತೆ ಚುರ್ ಎಂದಿತು. ಆದರೂ ಅವಳು ಹೊಗಳುತ್ತಿದ್ದಷ್ಟು ಹೊತ್ತೂ ಒದರುತ್ತಿದ್ದಳಲ್ಲ, ಹೊಗಳಲಿ ಎಂದುಕೊಂಡು, "ಬೆನ್ನ ಮೇಲೆ ಇನ್ನೂ ಅದೆ ನೋಡು" ಎಂದೆ.

ಟವೆಲ್ಲು ಗಾಳಿಯಲ್ಲಿ ನಿಂತಿತು. "ಅಲ್ರೀ, ಇವತ್ತು ಬರೀ ಅಳತೆ ತಗೊಂಡು ಬರ್ತೀನಿ ಅಂತ ಬೆಳಗ್ಗೆ ಹೇಳಿದ್ರಿ. ಅಳತೆ ತಗೊಂಡೋರ ಮೈಮೇಲೆ ಇಷ್ಟೊಂದು ಧೂಳು ಎಂಗ್ ಬಂತು?"

ದಾರಿಯಲ್ಲಿ ಹಳೆಯ ಕೆಲಸದ ಜಾಗದ ಬಳಿ ಸ್ಕೂಟರ್ ನಿಲ್ಲಿಸಿ, ಎರಡು ಹಿಡಿ ಬಾಚಿ ಭುಜಕ್ಕೂ ಬೆನ್ನಿಗೂ ಹಾಕಿಕೊಂಡದ್ದನ್ನು ಹೇಗೆ ಹೇಳಲಿ? ನೆಲ ನೋಡಿಕೊಂಡು ನಿಂತೆ. ನಾನೇ ಹಾಕಿದ ನೆಲ, ಮಟ್ಟ ಸರಿಯಾಗಿಯೇ ಇತ್ತು.

ರತ್ನ ಟವೆಲ್ಲನ್ನು ಒಮ್ಮೆ ಜೋರಾಗಿ ಕೊಡವಿ, "ತಿರುಗಿ" ಎಂದಳು. ತಿರುಗಿದೆ.