ಗೋಡೆಯ ಹಣೆಗೆ ವಿಭೂತಿ

ಪಂಪಾಪತಿಯ ಫಜೀತಿ ಶುರುವಾದದ್ದು ಅವನ ಮನೆಯ ಪಡಸಾಲೆ ಗೋಡೆಯಲ್ಲಿ ಮೂಡಿದ ಕೂದಲೆಳೆಯಂಥ ಒಂದು ಬಿರುಕಿನಿಂದ. ಸಿಂಧನೂರಿನ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಚಳಿ ಹತ್ತಿರವಾದಂತೆ ಒಣಗಿ ಕುಗ್ಗುತ್ತದೆ, ಮೇಲಿನ ಮನೆಗಳನ್ನೂ ಜೊತೆಗೆ ಎಳೆದಾಡುತ್ತದೆ. ಬಿರುಕು ಇದ್ದಷ್ಟೇ ಇದ್ದರೆ ಸಿಮೆಂಟು ಮೆತ್ತಿದರೆ ಸಾಕು. ಬೆಳೆಯುತ್ತಿದ್ದರೆ ಬುನಾದಿಗೇ ಕೈಹಾಕಬೇಕು. ಆ ಗೋಡೆಗೆ ಒತ್ತಿಕೊಂಡೇ ಅವನ ಅವ್ವ ಕಸ್ತೂರೆಮ್ಮನ ಮಂಚವಿತ್ತು.

ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಪಾತ್ರೆ ಅಂಗಡಿಯ ಪಂಪಾಪತಿಗೆ ಪೂಜೆಗೆ ಕೂತಾಗ ಉಪಾಯ ಹೊಳೆಯಿತು. ವಿಭೂತಿ ಗಟ್ಟಿಯನ್ನು ನೀರಲ್ಲಿ ಕಲಸಿ ಬಿರುಕಿಗೆ ಅಡ್ಡಲಾಗಿ ಮೂರು ಬೆರಳು ಎಳೆದ. ಗೋಡೆ ಅಲುಗಿದರೆ ಒಣಗಿದ ವಿಭೂತಿ ಒಡೆಯಲೇಬೇಕು! ಇಂಥ ತಲೆ ಎಲ್ಲರಿಗೂ ಇರುವುದಿಲ್ಲ, ಮೆಚ್ಚಲೇಬೇಕು. ಓಣಿಯವರೂ ಮೆಚ್ಚಿದರು. ಎಲ್ಲರ ಬಿರುಕಿಗೂ ಅವನೇ ಹೋಗಿ ವಿಭೂತಿ ಹಚ್ಚಿ, ಯಾರೂ ಮುಟ್ಟಕೂಡದೆಂದು ಮನೆಮನೆಗೂ ಕಟ್ಟಪ್ಪಣೆ ಮಾಡಿ ಬಂದ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಓಣಿಯ ಮನೆಗಳ ಗಾರೆ ಕೆಲಸ ಮಾಡುವ ಗೌಂಡಿ ಪೀರ್‌ಸಾಬ್ ಬಾಗಿಲಿಗೆ ಬಂದ.

"ಪಂಪಣ್ಣಾ, ಹಟ್ಟಿ ಚಿನ್ನದ ಗಣಿಯೊಳಗ ಕ್ವಾರ್ಟರ್ಸ್ ರಿಪೇರಿ ಕೆಲಸ ಹಿಡದೀನಿ. ಹೋದ್ರ ಯುಗಾದಿಗೇ ಬರೋದು. ಹೋಗೂದ್ರೊಳಗ ಒಂದ ಮನಿ ಬುನಾದಿ ಅಷ್ಟ ಮಾಡಾಕ ಆಕ್ಕೈತಿ. ಮೊದಲ ನೀ ಹೇಳೀದಿ, ಪಾಳಿ ನಿಂದೈತಿ. ಆದ್ರ ಖರೇ ಜರೂರ್ ಯಾರಿಗೈತಿ ನೋಡಿಬಿಡೂಣು."

ಪಂಪಾಪತಿ ಚಪ್ಪಲಿ ಮೆಟ್ಟುವಾಗ ಒಳಗಿಂದ ಅವ್ವ ಕೂಗಿದಳು. "ಪಂಪಾ, ವಿಭೂತಿ ತೀರ್ಯಾವು. ಹತ್ತಿನೂ ಇಲ್ಲ. ಬರೋವಾಗ ತಗೊಂಡು ಬಾ."

"ಮೊನ್ನೇರ ತಂದಿದ್ನೆಲ್ಲ ಯವ್ವಾ!"

"ಕಾರ್ತೀಕ ಐತಪ್ಪಾ, ಖರ್ಚಾಕ್ಕಾವು."

ಅವ್ವನ ಭಕ್ತಿಗೆ ಮನಸ್ಸಿನಲ್ಲೇ ಕೈಮುಗಿದು ಪಂಪಾಪತಿ ಹೊರಟ. ಹಿಂದೆ ಅರ್ಧ ಓಣಿಯೇ ಹೊರಟಿತು.

ಮೊದಲು ಯಮನಮ್ಮನ ಮನೆ. ವಿಭೂತಿ ಒಡೆದಿರಲಿಲ್ಲ. ಅಷ್ಟಕ್ಕೇ ಸುಮ್ಮನಿರದೆ ಪಂಪಾಪತಿ ತಂಬಿಗೆಯಿಂದ ಗೋಡೆಯನ್ನು ಟಕಟಕ ಬಡಿದು ಕಿವಿಯಿಟ್ಟ. "ಒಳಗ ಪೊಳ್ಳೈತಿ, ಗಿಲಾವು ಬೀಳ್ತೈತಿ" ಎಂದ. ಮಾತು ಮುಗಿಯುವುದರೊಳಗೆ ಆಳೆತ್ತರದ ಗಿಲಾವು ಕಳಚಿ ಅರ್ಧ ಅವನ ತಲೆಗೂ ಅರ್ಧ ಯಮನಮ್ಮನ ರೊಟ್ಟಿ ಹಿಟ್ಟಿಗೂ ಬಿತ್ತು.

"ಹೇಳಿದಂಗ ಆತು ನೋಡ್ರಿ! ಎಂಥಾ ಕಿವಿ ಐತಿ ಅಂತೀನಿ!" ಎಂದು ಯಮನಮ್ಮ ಹಿಟ್ಟನ್ನೂ ಮರೆತು ಹೊಗಳಿದಳು.

ಮುಂದೆ ಭತ್ತದ ವ್ಯಾಪಾರಿ ಶಿವಶರಣಪ್ಪನ ಮನೆ. ಬಿರುಕು ಆಮೇಲೆ ತಂದಿಟ್ಟ ಕಬ್ಬಿಣದ ಕಪಾಟಿನ ಹಿಂದೆ ಸೇರಿಕೊಂಡಿತ್ತು. ಎಲ್ಲರೂ ಸೇರಿ ಕಪಾಟು ಎತ್ತಿದರು. ಇಳಿಸಿದ್ದು ಮಾತ್ರ ಪಂಪಾಪತಿಯ ಕಾಲ್ಬೆರಳ ಮೇಲೆ. ನೋವಿಗೆ ಕಣ್ಣು ಕತ್ತಲಿಟ್ಟರೂ ಅವನು ಗೋಡೆ ನೋಡುವುದನ್ನು ಬಿಡಲಿಲ್ಲ. ಮೂರೂ ಗೆರೆಗಳು ಸೀಳಿದ್ದವು.

"ಬೆಳ್ಯಾಕತ್ತೈತ್ರೀ ಇದು," ಎಂದ.

ಶಿವಶರಣಪ್ಪನ ಮುಖ ಬಾಡಿತು. ಮನೆಯಲ್ಲಿ ಬಾಣಂತಿ ಮಗಳಿದ್ದಳು. "ಇನ್ನ ನಿನ್ನ ಗ್ವಾಡಿ ಒಡೆದಿದ್ರ ನಮ್ಮ ಗತಿ ಏನೋ ಪಂಪಾಪತಿ?" ಎಂದ.

ಮೆರವಣಿಗೆ ಪಂಪಾಪತಿಯ ಮನೆಗೆ ಬಂತು. ಅವ್ವ ಗುಡಿಗೆ ಹೋಗಿದ್ದಳು. ಗೋಡೆಯ ಮೇಲೆ ಮೂರು ಗೆರೆಗಳು ಈಗ ತಾನೇ ಸ್ನಾನ ಮಾಡಿ ಬಂದವರ ಹಣೆಯಂತೆ ಹೊಳೆಯುತ್ತಿದ್ದವು. ಒಂದು ಕೂದಲಷ್ಟೂ ಒಡಕಿಲ್ಲ. ಪೀರ್‌ಸಾಬ್ ಕಣ್ಣಿಟ್ಟು ನೋಡಿ, "ಹೊರಗಿನ ಮಗ್ಗಲಾನೂ ನೋಡೂಣೇನು?" ಎಂದ. ಅಲ್ಲಿ ಹಿತ್ತಿಲ ಕಟ್ಟಿಗೆಯ ರಾಶಿಯಿತ್ತು, ಅದನ್ನೆಲ್ಲ ಎತ್ತಿಡಬೇಕಿತ್ತು. ಜಜ್ಜಿದ ಬೆರಳು ನೆನಪಾಗಿ ಪಂಪಾಪತಿ, "ಬ್ಯಾಡ ಬಿಡು, ವಿಭೂತಿ ಸುಳ್ಳು ಹೇಳಂಗಿಲ್ಲ," ಎಂದುಬಿಟ್ಟ. ಆಮೇಲೆ ಎದೆಯುಬ್ಬಿಸಿ ಶಿವಶರಣಪ್ಪನ ಕಡೆ ತಿರುಗಿದ. "ನನ್ನ ಪಾಳಿ ನೀವ ತಗೊಳ್ರೀ ಕಾಕಾ."

ಎಂಥ ದೊಡ್ಡ ಮನಸ್ಸು! ಶಿವಶರಣಪ್ಪ ಅವನ ಕೈಹಿಡಿದು ಕಣ್ಣೀರಿಟ್ಟ. ಮಧ್ಯಾಹ್ನದೊಳಗೆ ಪೀರ್‌ಸಾಬ್ ಅಲ್ಲಿ ನೆಲ ಅಗೆಯತೊಡಗಿದ್ದ.

ಸಂಜೆ ಪಂಪಾಪತಿ ವಿಭೂತಿ, ಹತ್ತಿ ಹಿಡಿದು ಕುಂಟುತ್ತ ಮನೆಗೆ ಬಂದ. ಕಸ್ತೂರೆಮ್ಮ ಎರಡನ್ನೂ ಇಸಿದುಕೊಂಡು, ಬಟ್ಟಲಲ್ಲಿ ವಿಭೂತಿ ಕಲಸಿ, ನೆಟ್ಟಗೆ ಗೋಡೆಯ ಹತ್ತಿರ ನಡೆದಳು.

"ಯವ್ವಾ! ಏನ್ ಮಾಡಾಕತ್ತೀ?"

"ಗ್ವಾಡಿಗೆ ವಿಭೂತಿ ಹಚ್ಚಾಕತ್ತೀನಿ. ನೀ ಹಚ್ಚಿದ್ದು ಎರಡ ದಿನಕ್ಕ ಒಡೀತು. ವಿಭೂತಿ ಒಡದ್ರ ಮನಿಗೆ ಛಲೋದಲ್ಲ. ಅವತ್ತಿಂದ ಎರಡೂ ಹೊತ್ತು ತಪ್ಪಿಸಿಲ್ಲಪ್ಪಾ."

"ಮತ್ತ ಹತ್ತಿ?"

"ಸೀಳು ಅಗಲ ಆಗಿ ಹಚ್ಚಿದ್ದೆಲ್ಲ ಒಳಗ ಬೀಳಾಕತ್ತಿತ್ತು. ಅದಕ್ಕ ಮೊದಲ ಹತ್ತಿ ತುರುಕ್ತೀನಿ, ಮ್ಯಾಲೆ ಹಚ್ತೀನಿ."

ಓಣಿಯಲ್ಲೆಲ್ಲ ಕಟ್ಟಪ್ಪಣೆ ಮಾಡಿದ ಪಂಪಾಪತಿ ತನ್ನ ಮನೆಯಲ್ಲಿ ಹೇಳುವುದನ್ನೇ ಮರೆತಿದ್ದ. ಬಿರುಕಿನಲ್ಲಿದ್ದ ಹಳೆ ಹತ್ತಿ ಎಳೆದ. ಬಂತು, ಬಂತು, ಬರುತ್ತಲೇ ಇತ್ತು. ಕೊನೆಗೆ ಎರಡು ಬೆರಳು ಸಲೀಸಾಗಿ ಒಳಗೆ ಹೋದವು. ಆಚೆಯಿಂದ ಹಿತ್ತಿಲ ಚಳಿಗಾಳಿ ತಣ್ಣಗೆ ಮುಖಕ್ಕೆ ಬಡಿಯಿತು. ಗೌಂಡಿಯ ಕಣ್ಣನ್ನೇ ತಪ್ಪಿಸಿದ್ದ ಆ ಮುದುಕಿಯ ಕೈಚಳಕಕ್ಕೆ ಶಹಬ್ಬಾಸ್ ಅನ್ನಬೇಕೋ ತಲೆ ಚಚ್ಚಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ.

ಪಾಳಿ ವಾಪಸು ಕೇಳೋಣವೆಂದು ಬಾಗಿಲ ಕಡೆ ತಿರುಗಿದ. ಅಷ್ಟರಲ್ಲಿ ಶಿವಶರಣಪ್ಪನ ದನಿಯೇ ಅಂಗಳದಿಂದ ಕೇಳಿಸಿತು.

"ಪಂಪಾಪತಿ! ವಳಕಮದಿನ್ನಿ ಊರಿನ ನಮ್ಮ ಬೀಗರಿಗೆ ಫೋನ್ ಮಾಡಿ ಎಲ್ಲಾ ಹೇಳೀನಿ. ನಿನ್ನಂಥಾ ದೊಡ್ಡ ಮನಷ್ಯಾ ಈ ತಾಲೂಕಿನ್ಯಾಗ ಇಲ್ಲ ಅಂದ್ರು. ನಿನ್ನ ಗ್ವಾಡಿ ನೋಡಬೇಕಂತ ಈಗ ಬಂದಾರ, ಕರಕೊಂಡು ಒಳಗ ಬರ್ಲೇನು?"

ಪಂಪಾಪತಿ ಗೋಡೆ ನೋಡಿದ, ಬಾಗಿಲು ನೋಡಿದ. ಆಮೇಲೆ ಹತ್ತಿಯನ್ನೆಲ್ಲ ಬಾಚಿ ಬಿರುಕಿಗೆ ತುರುಕುತ್ತ ಪಿಸುಗುಟ್ಟಿದ.

"ಯವ್ವಾ, ಲಗೂನ ಹಚ್ಚು."